ಹೆಸರು ಸರಿ ಇದೆಯಾ ನೋಡ್ಕೊಳ್ಳಿ

ಶಿವಮೊಗ್ಗದಲ್ಲಿ ಜುಲೈ ತಿಂಗಳು ಅಂದ್ರೆ ಗೊತ್ತಲ್ಲ, ಬೆಳಿಗ್ಗೆ ಹಿಡಿದ ಜಡಿಮಳೆ ಸಂಜೆ ತನಕ ಒಂದೇ ಸಮ, ಕರೆಂಟ್ ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ, ನನ್ನ ಅಂಗಡಿ ಯುಪಿಎಸ್ಸು ಕುಯ್ ಕುಯ್ ಅಂತ ಬಡ್ಕೊಳ್ತಾ ಇರುತ್ತೆ. ಕೋರ್ಟ್ ಹತ್ರ ಡಿಟಿಪಿ, ಜೆರಾಕ್ಸ್, ಅರ್ಜಿ ಬರೆದುಕೊಡೋ ಕೆಲಸ ನಂದು. ಹತ್ತೊಂಬತ್ತು ವರ್ಷ ಆಯ್ತು. ಖಾತೆ ಬದಲಾವಣೆ, ಜೀವಂತ ಪ್ರಮಾಣಪತ್ರ, ವಂಶವೃಕ್ಷ, ಜಾಮೀನು, ಪರೋಲು, ಏನ್ ಕೇಳಿದ್ರೂ ಫೈಲ್ ರೆಡಿ ಇದೆ, ಹೆಸರು ಬದಲಾಯಿಸಿ ಪ್ರಿಂಟ್ ಹೊಡೆಯೋದಷ್ಟೆ. ಹೆಸರು ಬದಲಾಯಿಸೋದೇ ಕಷ್ಟದ ಕೆಲಸ ಅಂತ ಹೊರಗಿನವರಿಗೆ ಗೊತ್ತಾಗಲ್ಲ.

ಅವತ್ತು ಸೊರಬ ಕಡೆಯ ಒಬ್ಬ ಅಜ್ಜಿ ಬಂದ್ರು. ಕೊಡೆ ಬಾಗಿಲಲ್ಲೇ ಮಡಚಿಟ್ಟು, ಸೆರಗಲ್ಲಿ ಸುತ್ತಿಕೊಂಡಿದ್ದ ಬಟ್ಟೆ ಅಂಗಡಿ ಕವರನ್ನ ಬಿಚ್ಚಿ ಅದರೊಳಗಿಂದ ಇನ್ನೊಂದು ಕವರ್ ತೆಗೆದು ಅದರೊಳಗಿಂದ ಕಾಗದ ತೆಗೆದ್ರು. ಮಗ ಸೋಗಾನೇಲಿ ಇದಾನೆ. ಏರ್‌ಪೋರ್ಟ್ ಆದ್ಮೇಲೆ ಸೋಗಾನೆ ಅಂದ್ರೆ ಊರವರಿಗೆಲ್ಲ ವಿಮಾನ ನೆನಪಾಗುತ್ತೆ, ನನ್ನ ಅಂಗಡಿಗೆ ಬರೋರಿಗೆ ಮಾತ್ರ ಈಗಲೂ ಜೈಲೇ. ಗದ್ದೆ ಬದುವಿನ ಜಗಳ, ಮಾತಿಗೆ ಮಾತು ಬೆಳೆದು ಗುದ್ದಲಿ ಎತ್ತಿದಾನೆ, ಆ ಕಡೆಯವನು ಸತ್ತಿದಾನೆ. ಜೀವಾವಧಿ. "ಕೊಂದಿದ್ದು ಹೌದು ತಮ್ಮಾ, ಇಲ್ಲ ಅನ್ನಲ್ಲ" ಅಂದ್ರು ಅಜ್ಜಿ, ನಾನು ಕೇಳದೇನೇ. ಹದಿನೈದು ವರ್ಷ ಮುಗಿದಿದೆ, ಆಗಸ್ಟ್ ಹದಿನೈದಕ್ಕೆ ಸನ್ನಡತೆ ಮೇಲೆ ಬಿಡ್ತಾರಂತೆ, ಅರ್ಜಿ ಹಾಕಿದ್ವಿ, ವಾಪಸ್ ಬಂತು, ಯಾಕೆ ಅಂತ ಓದಿ ಹೇಳಪ್ಪ ಅಂದ್ರು.

ಓದಿದೆ. ಜಡ್ಜ್‌ಮೆಂಟ್‌ನಲ್ಲಿ ಇರೋ ಹೆಸರೇ ಬೇರೆ, ಆಧಾರಲ್ಲಿ ಇರೋದೇ ಬೇರೆ. ಬೇರೆ ಅಂದ್ರೆ ತೀರಾ ಬೇರೆ ಅಲ್ಲ, ಒಂದರ ಕೊನೇಲಿ "ಅಪ್ಪ" ಇದೆ, ಇನ್ನೊಂದರಲ್ಲಿ "ನಾಥ". ಮನೇಲಿ ಕರೆಯೋದು ಮೂರನೇದು. ಎಫ್‌ಐಆರ್ ಬರೆದವರು ಕರೆಯೋ ಹೆಸರನ್ನೇ ಬರ್ಕೊಂಡು ಅದರ ಮುಂದೆ ಅಟ್ ಚಿಹ್ನೆ ಹಾಕಿದಾರೆ. ಇಮೇಲ್‌ನಲ್ಲಿ ಬರುತ್ತಲ್ಲ ಅದೇ, ಪೊಲೀಸ್ ಕಾಗದದಲ್ಲಿ ಅದಕ್ಕೆ "ಉರುಫ್" ಅಂತ ಅರ್ಥ. ಮಧ್ಯದಲ್ಲಿ ಎಲ್ಲೋ ಟೈಪ್ ಮಾಡೋರು ಆ ಉರುಫನ್ನ ಬಿಟ್ಟಿದಾರೆ. ಹಂಗಾಗಿ ಕಾಗದದ ಪ್ರಕಾರ ಕೊಲೆ ಮಾಡಿದವನು ಒಬ್ಬ, ಬಿಡುಗಡೆ ಕೇಳ್ತಾ ಇರೋನು ಇನ್ನೊಬ್ಬ. ಯಾವ ಕಚೇರಿ ಅಂತ ಬರೆಯಲ್ಲ, ಬರೆದು ಆಗಬೇಕಾದ್ದೂ ಏನಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷ ಅಂತ ನಮ್ಮ ಜನ ತಿಳ್ಕೊಂಡಿದಾರೆ, ಅದು ತಪ್ಪು. ಜೀವಾವಧಿ ಅಂದ್ರೆ ಜೀವ ಇರೋ ತನಕವೇ. ಕೊಲೆಯಂಥ ಕೇಸಲ್ಲಿ 14 ವರ್ಷ ಒಳಗೆ ಇದ್ದ ಮೇಲೆ "ಬಿಡಿ" ಅಂತ ಕೇಳೋಕೆ ಅರ್ಹತೆ ಬರುತ್ತೆ, ಅಷ್ಟೆ. ಪೊಲೀಸ್ ರಿಪೋರ್ಟು, ಕಮಿಟಿ, ಕ್ಯಾಬಿನೆಟ್ಟು, ಆಮೇಲೆ ಸಂವಿಧಾನದ 161ನೇ ವಿಧಿ ಪ್ರಕಾರ ರಾಜ್ಯಪಾಲರ ಅಂಕಿತ. ಇಷ್ಟು ಮೇಜು ದಾಟಬೇಕು ಒಂದು ಕಾಗದ, ಪ್ರತಿ ಮೇಜಲ್ಲೂ ಮೊದಲು ನೋಡೋದು ಹೆಸರನ್ನೇ.

ಅಫಿಡವಿಟ್ ಮಾಡಿಸಬೇಕು ಅಜ್ಜಿ, ಎರಡೂ ಹೆಸರು ಒಬ್ಬನದೇ ಅಂತ, ನಾಳೆ ನೋಟರಿ ಬರ್ತಾರೆ, ನಾಳೆ ಬನ್ನಿ ಅಂದು ಕಳಿಸಿದೆ.

ಮನೆಗೆ ಹೋದ್ರೆ ಅಲ್ಲೂ ಇದೇ ಕಥೆ. ನನ್ನ ಮಗಳು ಏಳನೇ ಕ್ಲಾಸು, ಸ್ವಾತಂತ್ರ್ಯ ದಿನಕ್ಕೆ ಭಾಷಣ ಅಂತೆ, ವಿಷಯ ಈಸೂರು. ಶಿವಮೊಗ್ಗ ಜಿಲ್ಲೇಲಿ ಹುಟ್ಟಿದ ಮಕ್ಕಳಿಗೆಲ್ಲ ಈ ಭಾಷಣ ಒಂದಲ್ಲ ಒಂದು ವರ್ಷ ತಪ್ಪಿದ್ದಲ್ಲ, ನಾನೂ ಮಾಡಿದೀನಿ, ಏಸೂರು ಕೊಟ್ರೂ ಈಸೂರು ಕೊಡೆವು ಅಂತ ಕೈ ಎತ್ತಿ ಕೂಗಿ ಒಂದು ಸ್ಟೀಲ್ ಲೋಟ ಬಹುಮಾನ ತಗೊಂಡಿದೀನಿ. ಇವಳು ಬಾಯಿಪಾಠ ಮಾಡ್ತಾ ಮಾಡ್ತಾ ನಿಲ್ಲಿಸಿ, "ಅಪ್ಪಾ, ಐದು ಜನರನ್ನ ಗಲ್ಲಿಗೆ ಹಾಕಿದ್ರಲ್ಲ, ರಾಜ ಬೇಡ ಅನ್ನಬಹುದಿತ್ತಲ್ವಾ?" ಅಂದ್ಳು.

ನಾನು ಆ ಪ್ರಶ್ನೆ ಕೇಳಿರಲೇ ಇಲ್ಲ ನೋಡಿ. ಲೋಟ ತಗೊಂಡು ಮನೆಗೆ ಬಂದವನು.

1942, ಚಲೇಜಾವ್ ಚಳವಳಿ. ಶಿಕಾರಿಪುರ ತಾಲೂಕಿನ ಒಂದು ಹಳ್ಳಿ ನಾವು ಸ್ವತಂತ್ರ ಅಂತ ಘೋಷಿಸಿಕೊಳ್ತು, ವೀರಭದ್ರ ದೇವರ ಗುಡಿ ಮೇಲೆ ಬಾವುಟ ಹಾರಿಸ್ತು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿ ಸರ್ಕಾರ ನಡೆಸ್ತು. ಸೆಪ್ಟೆಂಬರ್ ಕೊನೇಲಿ ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಪೊಲೀಸರ ಜೊತೆ ಬಂದ್ರು, ಗಾಂಧಿ ಟೋಪಿ ಹಾಕ್ಕೊಳ್ಳಿ ಅಂತ ಇವರು, ಹಾಕಲ್ಲ ಅಂತ ಅವರು, ತಳ್ಳಾಟ, ಗುಂಡು, ಕೊನೆಗೆ ಆ ಇಬ್ಬರು ಅಧಿಕಾರಿಗಳೂ ಜನರ ಕೈಯಲ್ಲಿ ಸತ್ರು. ಆಮೇಲೆ ಊರಿಗೆ ಪಡೆ ಬಂತು, ಜನ ಕಾಡು ಸೇರಿದ್ರು. ನಮ್ಮಜ್ಜಿ ತವರು ಅದೇ ಕಡೆ. ಖಾಕಿ ಬಣ್ಣ ಕಂಡ್ರೆ ಸಾಕು, ಪೋಸ್ಟ್‌ಮ್ಯಾನ್ ಬಂದ್ರೂ ಮಕ್ಕಳನ್ನೆಲ್ಲ ಕಬ್ಬಿನ ಗದ್ದೆಗೆ ಓಡಿಸ್ತಿದ್ರಂತೆ, ಅಜ್ಜಿ ಇದನ್ನ ನಗ್ತಾ ಹೇಳ್ತಿದ್ರು.

1943ರ ಮಾರ್ಚ್ 8ರಿಂದ 10ರೊಳಗೆ, ಮೂರು ದಿನದಲ್ಲಿ ಐದು ಜನ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಜಾಗ ಬೆಂಗಳೂರಿನ ಸೆಂಟ್ರಲ್ ಜೈಲು, ಅಂದ್ರೆ ಈಗಿನ ಫ್ರೀಡಂ ಪಾರ್ಕ್. ಕೆಲವು ವರ್ಷದ ಹಿಂದೆ ನಾನು ನಮ್ಮ ಸಂಘದವರ ಜೊತೆ ಧರಣಿ ಅಂತ ಅಲ್ಲಿಗೆ ಹೋಗಿ, ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು, ಮಧ್ಯದಲ್ಲಿರೋ ಆ ಹಳೇ ಕಾವಲು ಗೋಪುರದ ಕೆಳಗೆ ಅರ್ಧ ದಿನ ಕೂತಿದ್ದೆ. ನಮ್ಮ ಪಕ್ಕದ ತಾಲೂಕಿನವರು ಕೊನೇದಾಗಿ ಉಸಿರಾಡಿದ ಕಾಂಪೌಂಡ್ ಇದು ಅಂತ ಹೊಳೀಲೇ ಇಲ್ಲ, ಉಪ್ಪಿನಕಾಯಿ ಕೊಟ್ಟಿಲ್ಲ ಅಂತ ಬೈಕೊಂಡಿದ್ದು ಮಾತ್ರ ನೆನಪಿದೆ.

ಆ ಬೆಂಗಳೂರು ಯುದ್ಧದ ಬೆಂಗಳೂರು. ಬರ್ಮಾ ಜಪಾನಿನ ಕೈ ಸೇರಿತ್ತು, 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿದ್ದಿತ್ತು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ಕೆಲಸಕ್ಕೆ ಬಿದ್ದಿತ್ತು, ದಂಡು ಪ್ರದೇಶದ ತುಂಬ ಸೋಲ್ಜರ್‌ಗಳು. ಆಫ್ರಿಕಾದಲ್ಲಿ ಸೆರೆ ಸಿಕ್ಕ ಇಟಾಲಿಯನ್ ಸೈನಿಕರನ್ನ ತಂದು ಇಲ್ಲೇ ಕ್ಯಾಂಪ್‌ಗಳಲ್ಲಿ ಇಟ್ಟಿದ್ರು. ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೇ. ಬ್ರಿಟಿಷರ ಮೇಲೆ ಬಂದೂಕು ಹಿಡಿದು ಯುದ್ಧ ಮಾಡಿದ ಇಟಾಲಿಯನ್ನರಲ್ಲಿ ಬಹುತೇಕರು ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಮನೆಗೆ ಹೋದ್ರು, ಅವರಿಗೆ ಯುದ್ಧಕೈದಿ ಅನ್ನೋ ಹೆಸರಿತ್ತು, ಅದಕ್ಕೆ ತಕ್ಕ ಕಾಯ್ದೆ ಇತ್ತು. ಅದೇ ಊರಿನ ಜೈಲಲ್ಲಿ ಶಿಕಾರಿಪುರದ ಮಲ್ಲಪ್ಪನಿಗೆ ಇದ್ದ ಹೆಸರು ಬರೀ ಕೊಲೆ ಆರೋಪಿ.

ಆಗಿನ ಮೈಸೂರು ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್, ಪಟ್ಟಕ್ಕೆ ಬಂದಿದ್ದು 1940ರಲ್ಲಿ, ಈಸೂರಿನವರು ಗಲ್ಲಿಗೆ ಹೋಗುವಾಗ ಅವರಿಗೆ ಇನ್ನೂ 23 ವರ್ಷ. ಸಂಸ್ಥಾನದ ರಾಜನಿಗೆ ಪ್ರಾಣದಾನ ಮಾಡೋ ಅಧಿಕಾರ ಇತ್ತು, ಪ್ರಾಣದಾನ ಆಗಲಿಲ್ಲ. ಯುದ್ಧ, ತಲೆ ಮೇಲೆ ರೆಸಿಡೆಂಟ್ ಅನ್ನೋ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಸತ್ತಿರೋದು ಸರ್ಕಾರದ್ದೇ ಅಧಿಕಾರಿಗಳು, ಇವತ್ತು ಬಿಟ್ರೆ ನಾಳೆ ಇನ್ನೊಂದು ಊರು ಬಾವುಟ ಹಾರಿಸುತ್ತೆ ಅನ್ನೋ ಲೆಕ್ಕ, ಇದೆಲ್ಲ ಇತ್ತು ಅಂತ ಮಗಳಿಗೆ ಹೇಳಿದೆ. ಅವಳು "ಹಂಗಾದ್ರೆ ಯುದ್ಧದ ಟೈಮಲ್ಲಿ ಯಾರೂ ಕ್ಷಮಿಸಲ್ವಾ?" ಅಂದ್ಳು. ಊಟಕ್ಕೆ ಬಾ ಅಂತ ಅವಳಮ್ಮ ಕರೆದಿದ್ದು ಒಳ್ಳೇದಾಯ್ತು.

ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲ್ ಹಿಡ್ಕೊಂಡು ಕೂತೆ, ಎಲ್ಲಿಂದ ಎಲ್ಲಿಗೋ ಹೋಗಿ ಅಮೆರಿಕದ ಅಂತರ್ಯುದ್ಧದ ಕಾಲದ ಲಿಂಕನ್‌ನ ವಾಷಿಂಗ್ಟನ್‌ನಲ್ಲಿ ಬಿದ್ದೆ. ನದಿ ದಾಟಿದ್ರೆ ಶತ್ರು ರಾಜ್ಯ, ಊರ ತುಂಬ ಗಾಯಾಳುಗಳು, ಸೈನಿಕರ ಡೇರೆ, ಅಂಥ ಊರಲ್ಲಿ ಅಧ್ಯಕ್ಷ ಕೂತು ಮರಣದಂಡನೆ ಫೈಲ್ ಓದ್ತಾನೆ. ನಿಜಕ್ಕೂ ಓದ್ತಾನೆ. 1863ರ ಜುಲೈನಲ್ಲಿ ಒಂದು ದಿನ ಆರು ಗಂಟೆ ಕಾಲ ಕೋರ್ಟ್ ಮಾರ್ಷಲ್ ಕೇಸುಗಳನ್ನ ನೋಡಿದ, ಯಾವ ಸಣ್ಣ ಕಾರಣ ಸಿಕ್ರೂ ಸಾಕು ಉಳಿಸೋಕೆ ಹಾತೊರೀತಿದ್ದ ಅಂತ ಅವನ ಕಾರ್ಯದರ್ಶಿ ಜಾನ್ ಹೇ ಡೈರೀಲಿ ಬರೆದಿಟ್ಟಿದಾನೆ. ಹೆದರಿ ಓಡಿಹೋದ ಸೈನಿಕರ ಫೈಲಿಗೆ ಲಿಂಕನ್ ಇಟ್ಟಿದ್ದ ಹೆಸರು "ಕಾಲಿನ ಕೇಸು", ಮನಸ್ಸಿಗೆ ಧೈರ್ಯ ಇದ್ರೂ ಕಾಲು ಓಡಿದ್ರೆ ಅವನೇನು ಮಾಡ್ತಾನೆ ಪಾಪ, ಅಂತ. ಪಹರೆ ಕೆಲಸದಲ್ಲಿ ನಿದ್ದೆ ಹೋದ ವಿಲಿಯಂ ಸ್ಕಾಟ್ ಅನ್ನೋ ಹುಡುಗನಿಗೆ 1861ರಲ್ಲಿ ಗುಂಡಿಕ್ಕೋ ಶಿಕ್ಷೆ ಆಗಿತ್ತು, ಕ್ಷಮೆ ಸಿಕ್ತು, ಮುಂದಿನ ವರ್ಷ ಯುದ್ಧದಲ್ಲೇ ಸತ್ತ. ಹಂಗಂತ ಎಲ್ಲರಿಗೂ ಕರಗೋ ಮನುಷ್ಯ ಅಲ್ಲ. ಗುಲಾಮರನ್ನ ಹಡಗಲ್ಲಿ ಸಾಗಿಸ್ತಿದ್ದ ನಥಾನಿಯಲ್ ಗಾರ್ಡನ್‌ಗೆ ಎಷ್ಟು ಜನ ಬೇಡ್ಕೊಂಡ್ರೂ ಬಿಡಲಿಲ್ಲ, ಸಾಯೋಕೆ ತಯಾರಾಗು ಅಂತ ಎರಡು ವಾರ ಕೊಟ್ಟ, 1862ರ ಫೆಬ್ರವರಿಯಲ್ಲಿ ಗಲ್ಲಾಯ್ತು.

ನನ್ನನ್ನ ಎಬ್ಬಿಸಿ ಕೂರಿಸಿದ್ದು ಡಕೋಟಾ ಅನ್ನೋ ಅಮೆರಿಕದ ಮೂಲನಿವಾಸಿ ಜನರ ಕಥೆ. ಅದೇ 1862, ಮಿನ್ನೆಸೋಟ ಸೀಮೆ. ಜಮೀನು ಬರೆಸ್ಕೊಂಡು ಕೊಡ್ತೀವಿ ಅಂದ ದುಡ್ಡು ಸರ್ಕಾರದಿಂದ ಹೊತ್ತಿಗೆ ಬರಲಿಲ್ಲ, ಹಸಿವು, ಡಕೋಟಾ ಜನ ತಿರುಗಿಬಿದ್ರು, ನೂರಾರು ಬಿಳಿಯರು ಸತ್ರು. ಸೆಪ್ಟೆಂಬರ್ ಕೊನೇಲಿ ಮಿಲಿಟರಿ ವಿಚಾರಣೆ ಶುರು. ನಮ್ಮ ಈಸೂರಿನದ್ದೂ ಸೆಪ್ಟೆಂಬರ್ ಕೊನೇನೇ, ಮಧ್ಯೆ ಎಂಬತ್ತು ವರ್ಷ. 392 ಜನರ ವಿಚಾರಣೆ, ಕೆಲವರದ್ದು ಐದು ನಿಮಿಷಾನೂ ಇಲ್ಲ, ವಕೀಲರಿಲ್ಲ, 303 ಜನರಿಗೆ ಗಲ್ಲು. ಐದು ನಿಮಿಷ ಅಂದ್ರೆ ನಮ್ಮಲ್ಲಿ ಒಂದು ಆಧಾರ್ ಜೆರಾಕ್ಸ್ ಹಿಂದೆ ಮುಂದೆ ತೆಗೆಯೋ ಹೊತ್ತು.

ಆ 303ರ ಪೂರ್ತಿ ರೆಕಾರ್ಡ್ ಕಳಿಸಿ ಅಂದ ಲಿಂಕನ್. ಇಬ್ಬರು ವಕೀಲರನ್ನ ಕೂರಿಸಿಕೊಂಡು ಒಂದೊಂದೇ ಕೇಸು ನೋಡಿಸಿದ. ಕಾಳಗದಲ್ಲಿ ಹೋರಾಡಿದವರು ಯಾರು, ಮನೆಮನೆಗೆ ನುಗ್ಗಿ ಕೊಂದವರು ಯಾರು ಅಂತ ಬೇರೆ ಮಾಡಿದ. ಈ ಒಂದು ಗೆರೆ ಬೆಂಗಳೂರಲ್ಲಿ ಯಾರಾದ್ರೂ ಎಳೆದಿದ್ರೆ ಏನಾಗ್ತಿತ್ತು ಅಂತ ನಾನು ಯೋಚನೆ ಮಾಡ್ತಾನೇ ಇದೀನಿ. ಡಿಸೆಂಬರ್ 6ಕ್ಕೆ 39 ಹೆಸರು ಉಳೀತು, ಆ ಪಟ್ಟಿ ಲಿಂಕನ್ ಸ್ವಂತ ಕೈಬರಹದಲ್ಲಿದೆ. ಡಕೋಟಾ ಭಾಷೆಯ ಉದ್ದುದ್ದ ಹೆಸರುಗಳು, ಬಾಯಿ ಹೊರಳದ ಹೆಸರುಗಳು, ಅಕ್ಷರ ಅಕ್ಷರ ಕೂಡಿಸಿ, ಪಕ್ಕದಲ್ಲಿ ಕೇಸ್ ನಂಬರ್ ಹಾಕಿ ಬರೆದಿದಾನೆ. ಆಮೇಲೆ ಇನ್ನೊಬ್ಬನನ್ನ ಕೈಬಿಟ್ರು. ಡಿಸೆಂಬರ್ 26ಕ್ಕೆ ಮ್ಯಾನ್‌ಕೇಟೊ ಅನ್ನೋ ಊರಲ್ಲಿ 38 ಜನರಿಗೆ ಒಟ್ಟಿಗೆ ಗಲ್ಲು. ಅಮೆರಿಕದಲ್ಲಿ ಒಂದೇ ದಿನ ಅಷ್ಟು ಜನರಿಗೆ ಗಲ್ಲಾಗಿದ್ದು ಅದೇ ಅತಿ ದೊಡ್ಡದು, ಆದ್ದರಿಂದ ಡಕೋಟಾ ಜನರಿಗೆ ಲಿಂಕನ್ ದಯಾಮಯಿ ಅಂದ್ರೆ ನಗು ಬರಲ್ಲ, ಸಿಟ್ಟೇ ಬರುತ್ತೆ, ಬರಬೇಕಾದ್ದೇ. ಬಿಳಿಯರಿಗೂ ಸಿಟ್ಟು, ಯಾಕೆ ಕಮ್ಮಿ ಹಾಕಿದೆ ಅಂತ. ಹೆಚ್ಚು ಜನರನ್ನ ನೇಣಿಗೆ ಹಾಕಿದ್ರೆ ಓಟು ಜಾಸ್ತಿ ಬರ್ತಿತ್ತು ಅಂತ ಮಿನ್ನೆಸೋಟದ ನಾಯಕರೊಬ್ಬರು ಹೇಳಿದಾಗ, ಓಟಿಗೋಸ್ಕರ ಮನುಷ್ಯರನ್ನ ನೇಣಿಗೆ ಹಾಕೋಕೆ ನನ್ನಿಂದ ಆಗಲ್ಲ ಅಂದನಂತೆ.

ಇಷ್ಟೆಲ್ಲ ಕೂತು ಓದಿ, ಕೈಯಾರೆ ಬರೆದ ಪಟ್ಟಿ ಇತ್ತಲ್ಲ, ಅದರಲ್ಲೂ ತಪ್ಪಾಯ್ತು. ಚಾಸ್ಕೆ ಅಂತ ಒಬ್ಬ. ದಂಗೆ ಟೈಮಲ್ಲಿ ಸಾರಾ ವೇಕ್‌ಫೀಲ್ಡ್ ಅನ್ನೋ ಬಿಳಿ ಹೆಂಗಸನ್ನ, ಅವಳ ಮಕ್ಕಳನ್ನ ಕಾಪಾಡಿದವನು, ಅವಳೇ ಬಂದು ಅವನ ಪರ ಸಾಕ್ಷಿ ಹೇಳಿದ್ಳು. ಲಿಂಕನ್‌ನ ಗಲ್ಲಿನ ಪಟ್ಟೀಲಿ ಅವನು ಇಲ್ಲ, ಉಳಿದಿದ್ದ. ಆವತ್ತು ಬೆಳಿಗ್ಗೆ ಜೈಲಲ್ಲಿ ಬಂದು "ಚಾಸ್ಕೆ" ಅಂತ ಕೂಗಿದ್ರು, ಇವನು ಎದ್ದು ಹೋದ. ಕರೆದಿದ್ದು ಬೇರೆ ಚಾಸ್ಕೆಯನ್ನ. ಡಕೋಟಾ ಭಾಷೇಲಿ ಚಾಸ್ಕೆ ಅಂದ್ರೆ ಮೊದಲ ಮಗ ಅಂತ ಅರ್ಥ. ನಮ್ಮಲ್ಲಿ ಜೈಲಿನ ಬಾಗಿಲಲ್ಲಿ ನಿಂತು "ಹಿರಿಯಣ್ಣಾ" ಅಂತ ಕೂಗಿದ್ರೆ ಎಷ್ಟು ಜನ ಏಳಬಹುದು, ಲೆಕ್ಕ ಹಾಕಿ.

ಬಿನ್ ಯಾರು, ಅಂದ್ರೆ ಯಾರ ಮಗ ಅಂತ ಒಬ್ಬರಾದ್ರೂ ಕೇಳಬೇಕಿತ್ತು. ನಾನು ದಿನಕ್ಕೆ ನಲವತ್ತು ಸಲ ಕೇಳ್ತೀನಿ, ಹೆಸರು ಹೇಳಿ, ಬಿನ್ ಯಾರು, ಯಾವ ಊರು, ಯಾವ ಹೋಬಳಿ. ಜನಕ್ಕೆ ರೇಜಿಗೆ ಆಗುತ್ತೆ, ಎಂತ ಮಾರಾಯ್ರೆ ಜನಗಣತಿ ಮಾಡ್ತೀರಾ ಅಂತಾರೆ.

ಈಗಿನ ಯುದ್ಧ ನೋಡಿದ್ರೆ ಹೆಸರು ಓದೋ ಉಸಾಬರಿಯೇ ಬೇಡ ಅಂತ ರಷ್ಯಾದವರು ತೀರ್ಮಾನ ಮಾಡಿದ ಹಂಗಿದೆ. 2022ರಲ್ಲಿ ವ್ಯಾಗ್ನರ್ ಅನ್ನೋ ಖಾಸಗಿ ಪಡೆಯ ಮುಖ್ಯಸ್ಥ ಪ್ರಿಗೋಜಿನ್ ಜೈಲಿಂದ ಜೈಲಿಗೆ ಹೋಗಿ, ಆರು ತಿಂಗಳು ಉಕ್ರೇನ್‌ನಲ್ಲಿ ಹೋರಾಡಿ, ಬದುಕಿ ಬಂದ್ರೆ ಕ್ಷಮಾದಾನ, ಅಂತ ಆಳು ಕಟ್ಟಿದ. ಕೊಲೆ ಮಾಡಿದವನೂ ಬರಬಹುದು, ಕದ್ದವನೂ ಬರಬಹುದು. ಎಷ್ಟೋ ಜನ ಬಖ್ಮುತ್ ಊರ ಮುಂದೆ ಸತ್ರು, ಬದುಕಿ ಬಂದವರಲ್ಲಿ ಕೆಲವರು ಊರಿಗೆ ಹೋಗಿ ಮತ್ತೆ ಕೊಲೆ ಮಾಡಿದ್ರು. ಉಕ್ರೇನ್ ಕೂಡ 2024ರ ಮೇ ತಿಂಗಳಲ್ಲಿ ಕಾಯ್ದೆ ಮಾಡಿ ಕೈದಿಗಳನ್ನ ಸೈನ್ಯಕ್ಕೆ ತಗೊಳ್ಳೋಕೆ ಶುರು ಮಾಡ್ತು, ಆದ್ರೆ ಅಲ್ಲಿ ಒಬ್ಬೊಬ್ಬರದ್ದೂ ಕೋರ್ಟ್ ಮುಂದೆ ಬರಬೇಕು, ಇಬ್ಬರನ್ನ ಅಥವಾ ಹೆಚ್ಚು ಜನರನ್ನ ಕೊಂದವರಿಗೆ, ಅತ್ಯಾಚಾರ ಮಾಡಿದವರಿಗೆ ಅವಕಾಶ ಇಲ್ಲ. ನನ್ನ ಕೇಳಿದ್ರೆ ಎರಡೂ ಕಡೆ ಅದು ಕ್ಷಮೆ ಅಲ್ಲ, ಕೂಲಿ. ಆದ್ರೂ ಹೆಸರು ಕರೆದು ಕೇಳೋ ಕೂಲಿಗೂ ಗುಡ್ಡೆ ಲೆಕ್ಕದಲ್ಲಿ ತುಂಬ್ಕೊಂಡು ಹೋಗೋ ಕೂಲಿಗೂ ವ್ಯತ್ಯಾಸ ಇದೆ, ಅಡಿಕೆ ಕೊಯ್ಲಿಗೆ ಆಳು ಕರೆಯೋರಿಗೆ ಗೊತ್ತಿರುತ್ತೆ.

ಯುದ್ಧ ಇಲ್ಲದಿದ್ರೂ ನಮ್ಮಲ್ಲೇನು ಬೇಗ ಓದ್ತಾರೆ ಅಂತಲ್ಲ. 1993ರಲ್ಲಿ ಪಾಲಾರ್ ಹತ್ರ ನೆಲಬಾಂಬ್ ಸಿಡಿದು 22 ಜನ ಸತ್ತ ಕೇಸಲ್ಲಿ ವೀರಪ್ಪನ್ ಸಹಚರರು ನಾಲ್ಕು ಜನರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಗಲ್ಲು ಕೊಡ್ತು, ಕ್ಷಮಾದಾನದ ಅರ್ಜಿ ದೆಹಲೀಲಿ ಒಂಬತ್ತು ವರ್ಷ ಕೂತು 2013ರ ಫೆಬ್ರವರಿಯಲ್ಲಿ ತಿರಸ್ಕಾರ ಆಯ್ತು. ಆ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಲ್ಲಿ ಇವತ್ತೋ ನಾಳೆಯೋ ಅಂತ ಕೂತಿದ್ರು. 2014ರ ಜನವರಿ 21ಕ್ಕೆ ಸುಪ್ರೀಂ ಕೋರ್ಟು, ಇಷ್ಟು ವರ್ಷ ಕಾಯಿಸಿದ್ದೇ ಹಿಂಸೆ, ಅಂತ ಹೇಳಿ ಅವರ ಗಲ್ಲನ್ನ ಜೀವಾವಧಿಗೆ ಇಳಿಸ್ತು, ಅದೇ ತೀರ್ಪಲ್ಲಿ ಅವರೂ ಸೇರಿ ಒಟ್ಟು ಹದಿನೈದು ಜನರಿಗೆ ಗಲ್ಲು ತಪ್ತು. ಈಸೂರಿನವರಿಗೆ ಘಟನೆಯಿಂದ ನೇಣಿನವರೆಗೆ ಸಿಕ್ಕಿದ್ದು ಆರು ತಿಂಗಳೂ ಇಲ್ಲ. ಅತಿ ನಿಧಾನಕ್ಕೆ ನಮ್ಮಲ್ಲಿ ಪರಿಹಾರ ಇದೆ, ಅತಿ ಅವಸರಕ್ಕೆ ಇಲ್ಲ. ಸತ್ತವರ ಪರವಾಗಿ ಅರ್ಜಿ ಬರೆಯೋ ಫಾರ್ಮ್ಯಾಟ್ ನನ್ನ ಕಂಪ್ಯೂಟರಲ್ಲಿ ಒಂದೂ ಇಲ್ಲ.

ಬೆಳಿಗ್ಗೆ ಮಗಳಿಗೆ ಇದರಲ್ಲಿ ಅರ್ಧ ಹೇಳಿದೆ. ಚಾಸ್ಕೆ ಕಥೆ ಹೇಳಲಿಲ್ಲ. ಅವಳು ಭಾಷಣದಲ್ಲಿ "ಐವರು ವೀರರು" ಅಂತ ಇದ್ದಿದ್ದನ್ನ ಹೊಡೆದು ಐದೂ ಹೆಸರು ಬರ್ಕೊಂಡ್ಳು. ಟೈಮ್ ಜಾಸ್ತಿ ಆಗುತ್ತೆ, ಮೂರೇ ನಿಮಿಷ ಇರೋದು ಅಂತ ಟೀಚರ್ ಬೈದ್ರಂತೆ, ಇರ್ಲಿ.

ಅಜ್ಜಿ ಹತ್ತೂವರೆಗೆ ಬಂದ್ರು, ಮಳೆ ಹಂಗೇ ಇತ್ತು. ಅಫಿಡವಿಟ್ ರೆಡಿ ಮಾಡಿದ್ದೆ, ಹೊಸ ಅರ್ಜೀನೂ ಮಾಡಿದ್ದೆ. ಓದಿ ಹೇಳಿದೆ. ಅಜ್ಜಿಗೆ ಓದೋಕೆ ಬರಲ್ಲ, ಎಲ್ಲ ಕೇಳಿಸ್ಕೊಂಡು, "ಅವನ ಹೆಸರು ಎಲ್ಲಿದೆ ತೋರ್ಸು" ಅಂದ್ರು. ತೋರಿಸ್ದೆ, ಅಲ್ಲಿ ಬೆರಳಿಟ್ರು. ಮತ್ತೆಲ್ಲಿ ಅಂದ್ರು. ಎರಡನೇ ಪ್ಯಾರಾದಲ್ಲಿ ತೋರಿಸ್ದೆ, ಬೆರಳಿಟ್ರು, ಒದ್ದೆ ಬೆರಳು, ಇಂಕ್ ಸ್ವಲ್ಪ ಹರಡ್ತು. ಮತ್ತೆ ಅಂದ್ರು. ಕೊನೇ ಪುಟದಲ್ಲಿ, ಸಹಿ ಮೇಲೆ, ತೋರಿಸೋಕೆ ಹೋದೆ, ಅಲ್ಲಿ ನಿನ್ನೆ ಮಾಡಿದ ಇನ್ನೊಬ್ಬರ ಪರೋಲ್ ಅರ್ಜಿಯ ಹೆಸರು ಹಂಗೇ ಉಳ್ಕೊಂಡಿತ್ತು.

ಅಜ್ಜಿ ಅದರ ಮೇಲೂ ಬೆರಳಿಟ್ಟಿದ್ರು. "ಒಂದು ನಿಮಿಷ ಅಮ್ಮ, ಇಂಕ್ ಹರಡಿದೆ, ಬೇರೆ ತೆಗೀತೀನಿ" ಅಂದು ಆ ಮೂರೂ ಹಾಳೆ ಎಳ್ಕೊಂಡು ಹರಿದು ಡಬ್ಬಿಗೆ ಹಾಕಿದೆ. ಯುಪಿಎಸ್ಸು ಕುಯ್ ಅಂತಿತ್ತು. ಕರೆಂಟ್ ಬರೋ ತನಕ ಕಾದು, ಮೂರು ಸಲ ಓದಿ, ಪ್ರಿಂಟ್ ಹೊಡೆದೆ.